ಅಪ್ಪನ ಕಾಯಿ, ನನ್ನ ದೋಣಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಈಜುಗಾರ್ತಿ ಅಲ್ಲ. ಅರಕಲಗೂಡಿನಲ್ಲಿ ಒಂದು ಸಂಘದವರು ನನಗೆ ಸನ್ಮಾನ ಮಾಡಿದಾಗ ವೇದಿಕೆಯ ಹಿಂದೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ನನ್ನ ಮುಖದ ಪಕ್ಕ ಯಾರೋ ವಿದೇಶಿ ಹೆಂಗಸು ನೀರಿಗೆ ಹಾರುತ್ತಿರುವ ಚಿತ್ರ ಹಾಕಿದ್ದರು. ನಿರೂಪಣೆ ಮಾಡುತ್ತಿದ್ದವರು 'ಈಜು ರಂಗದ ಮಿಂಚು' ಎಂದು ಕೂಗಿ ಕರೆದರು. ಮೈಕು ಕೈಗೆ ಸಿಕ್ಕಾಗ ನಾನು, 'ಸಾರ್, ಈಜಲ್ಲ, ರೋಯಿಂಗ್. ದೋಣಿ ನಡೆಸೋ ಸ್ಪರ್ಧೆ' ಅಂದೆ. ಅವರು ನಕ್ಕು, 'ಎರಡೂ ನೀರಲ್ಲೇ ಅಲ್ವೇನಮ್ಮಾ' ಅಂದರು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಆ ಬುಟ್ಟಿಯ ಪ್ಲಾಸ್ಟಿಕ್ ಹಾಳೆ ದಾರಿಯುದ್ದಕ್ಕೂ ಚರಪರ ಅನ್ನುತ್ತಿತ್ತು. ಕಿಟಕಿಯಿಂದ ಎಸೆದುಬಿಡೋಣ ಅನ್ನಿಸುವಷ್ಟು ಸಿಟ್ಟು ಬಂದಿತ್ತು ನನಗೆ.

ಮನೆಗೆ ಬಂದರೆ ಅಪ್ಪ ಜಗಲಿಯ ಮೇಲೆ ಕೂತು ಕಾಯಿ ಸುಲಿಯುತ್ತಿದ್ದ. ನಾನು ಬರುವ ಮೊದಲೇ ಯಾರೋ ಸನ್ಮಾನದ ವಿಡಿಯೋ ತೋರಿಸಿಬಿಟ್ಟಿದ್ದರು. ತಲೆ ಎತ್ತದೆ ಕೇಳಿದ: 'ಅಲ್ಲಾ ಕಣವ್ವಾ, ಈಜಾಕೆ ಯಾವ್ ಬಟ್ಟೆ ಆಕ್ಕೊತೀಯ ನೀನು?'

ಹಣೆ ಹಣೆ ಚಚ್ಚಿಕೊಂಡೆ. ಅಷ್ಟು ಹೊತ್ತಿಗೆ ನಾನು ಹುಟ್ಟು ಹಿಡಿದು ಹದಿನೈದು ವರ್ಷದ ಮೇಲಾಗಿತ್ತು. ರಾಜ್ಯದಲ್ಲಿ ಒಂಟಿ ದೋಣಿಯ ಸ್ಪರ್ಧೆಯಲ್ಲಿ ನನ್ನನ್ನು ಹಿಂದೆ ಹಾಕುವವರು ಬಹಳ ಕಾಲ ಯಾರೂ ಇರಲಿಲ್ಲ. ರಾಷ್ಟ್ರಮಟ್ಟದಲ್ಲಿ ಚಿನ್ನ ಗೆದ್ದಿದ್ದೇನೆ, ಒಂದಲ್ಲ, ಹಲವು ಸಲ. ಆ ಪದಕಗಳೆಲ್ಲ ಚನ್ನರಾಯಪಟ್ಟಣದ ಹತ್ತಿರದ ನಮ್ಮ ಮನೆಯಲ್ಲಿ, ದೇವರ ಫೋಟೋಗಳ ಪಕ್ಕ ಮೊಳೆಗೆ ನೇತುಬಿದ್ದಿವೆ. ಅವ್ವ ಹಬ್ಬಕ್ಕೊಂದು ಸಲ ಹುಣಸೆಹಣ್ಣು ಹಾಕಿ ತಿಕ್ಕಿ, ಅವುಗಳ ಬಣ್ಣವನ್ನೂ ತೆಗೆದಿದ್ದಾಳೆ. ಇಷ್ಟಾದರೂ ನಾನು ಏನು ಮಾಡುತ್ತೇನೆ ಅನ್ನುವುದು ನನ್ನ ಸ್ವಂತ ಅಪ್ಪನಿಗೆ ಗೊತ್ತಿರಲಿಲ್ಲ. ಒಂದೇ ಒಂದು ಸಲವೂ ಬಂದು ನೋಡಿರಲಿಲ್ಲ.

ಬರದೇ ಇದ್ದದ್ದಕ್ಕೆ ಕಾರಣ ಇತ್ತು, ಇಲ್ಲ ಅನ್ನುವುದಿಲ್ಲ. ನಮ್ಮೂರು ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದ ಊರು. ಶೆಟ್ಟಿಹಳ್ಳಿಯಲ್ಲಿ ಈಗ ಎಲ್ಲರೂ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುವ ಪಾಳು ಚರ್ಚು ಇದೆಯಲ್ಲ, ಅದರಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ನಮ್ಮ ಮನೆ ಇತ್ತಂತೆ. ಅಪ್ಪನಿಗೆ ಆಗ ಮೀಸೆ ಚಿಗುರುವ ವಯಸ್ಸು. ನೀರು ಮೊದಲು ಗದ್ದೆಗೆ, ಆಮೇಲೆ ಕಣಕ್ಕೆ, ಆಮೇಲೆ ಹೊಸ್ತಿಲಿಗೆ ಬಂತು. ಗಾಡಿ ಕಟ್ಟಿಕೊಂಡು ಈ ಕಡೆ ಬಂದರು, ಕೊಟ್ಟ ಜಮೀನಿನಲ್ಲಿ ತೆಂಗು ಇಟ್ಟರು. ಅಂದಿನಿಂದ ಅಪ್ಪ ಆ ನೀರಿನ ಮುಖ ನೋಡಿಲ್ಲ. ಹಾಸನದವರೆಗೆ ಹೋದರೂ ಆ ಕಡೆಯ ದಾರಿ ಹಿಡಿಯುವುದಿಲ್ಲ. ಅಂಥವನ ಹೊಟ್ಟೆಯಲ್ಲಿ ಹುಟ್ಟಿ ನಾನು ನೀರಿನ ಮೇಲೇ ಬದುಕು ಮಾಡಿಕೊಂಡೆ.

ನಾನೇನು ಆಸೆಪಟ್ಟು ಹೋದವಳಲ್ಲ. ಹಾಸನದ ಕ್ರೀಡಾ ಹಾಸ್ಟೆಲಿನಲ್ಲಿ ವಾಲಿಬಾಲ್ ಆಡಿಕೊಂಡಿದ್ದೆ. ಬೆಂಗಳೂರಿನಿಂದ ಬಂದ ಒಬ್ಬ ಕೋಚ್ ಹುಡುಗಿಯರನ್ನೆಲ್ಲ ಗೋಡೆಗೆ ನಿಲ್ಲಿಸಿ, ಟೈಲರ್ ಟೇಪಿನಲ್ಲಿ ಒಂದು ಕೈಯ ತುದಿಯಿಂದ ಇನ್ನೊಂದು ಕೈಯ ತುದಿಯವರೆಗೆ ಅಳತೆ ತೆಗೆದರು. ನನ್ನ ಸರದಿ ಬಂದಾಗ ಟೇಪು ಸಾಲಲಿಲ್ಲ. 'ನೀನು ಬಾ' ಅಂದರು, ಅಷ್ಟೇ. ಊರಲ್ಲಿ ಎಲ್ಲರೂ ತೆಂಗಿನಮರ ತೆಂಗಿನಮರ ಎಂದು ಆಡಿಕೊಳ್ಳುತ್ತಿದ್ದ ಎತ್ತರಕ್ಕೆ ಮೊದಲ ಸಲ ಒಂದು ಬೆಲೆ ಬಂದಿತ್ತು. ಅವ್ವನಿಗೆ ಮಾತ್ರ ಆ ಎತ್ತರ ದೊಡ್ಡ ತಲೆನೋವು. ಹೊಳೆನರಸೀಪುರದಿಂದ ಒಬ್ಬ ಗಂಡು ನೋಡಲು ಬಂದವನು ಫೋಟೋಗೆ ನನ್ನ ಪಕ್ಕ ನಿಂತು, ಮೇಲೆ ನೋಡಿ, 'ಕಾಫಿ ಚೆನ್ನಾಗಿತ್ತು' ಎಂದು ಹೇಳಿ ಹೋದವನು ಹೋದ. ಅವ್ವ ಇವತ್ತಿಗೂ ಅದನ್ನು ನೆನೆಸಿಕೊಂಡು ನಿಟ್ಟುಸಿರು ಬಿಡುತ್ತಾಳೆ, ನಾನು ನಗುತ್ತೇನೆ.

ನನ್ನ ದೋಣಿ ಹೇಗಿರುತ್ತದೆ ಅನ್ನುವುದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ನೀವೂ ಫ್ಲೆಕ್ಸಿನವರ ಹಾಗೇ ಏನೋ ಒಂದು ಅಂದುಕೊಳ್ಳುತ್ತೀರಿ. ಅದರಲ್ಲಿ ಒಬ್ಬಳೇ ಕೂರುವುದು. ಆಳುದ್ದಕ್ಕಿಂತ ಎಷ್ಟೋ ಪಟ್ಟು ಉದ್ದ, ಅಗಲ ಮಾತ್ರ ಕೂರುವಷ್ಟೇ. ಮೈ ಎಲ್ಲ ತೆಳು ಫೈಬರ್, ಬೆರಳಿನಿಂದ ಮೊಟಕಿದರೆ ಹಪ್ಪಳದ ಹಾಗೆ ಸದ್ದು ಮಾಡುತ್ತದೆ. ಎರಡು ಕೈಗೂ ಒಂದೊಂದು ಹುಟ್ಟು. ಕೂರುವ ಮಣೆ ಹಳಿಯ ಮೇಲೆ ಜಾರುತ್ತದೆ. ಬಲ ಮೊದಲು ಕಾಲಿನದು, ಆಮೇಲೆ ಬೆನ್ನಿನದು, ಕೊನೆಗೆ ಕೈಯದು. ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರಬೇಕು. ಗೆಲ್ಲುವ ಗೆರೆ ನಮ್ಮ ಕಣ್ಣಿಗೆ ಬೀಳುವುದು ಅದನ್ನು ದಾಟಿದ ಮೇಲೆಯೇ.

ಇದನ್ನೆಲ್ಲ ಅಪ್ಪನಿಗೆ ವಿವರಿಸಿ ವಿವರಿಸಿ ಸಾಕಾಗಿತ್ತು. 'ನಮ್ಮೋರು ಒಲ ಗದ್ದೆ ಆರಂಬ ಮಾಡ್ದೋರು ಕಣವ್ವಾ, ಉಟ್ಟು ಆಕ್ದೋರಲ್ಲ' ಅನ್ನುತ್ತಿದ್ದ. ಹಿಂದುಮುಂದಾಗಿ ಕೂರುವ ವಿಷಯ ಕೇಳಿದಾಗಲಂತೂ, 'ಓಗೋ ಕಡೀಕೆ ಬೆನ್ನು ಆಕ್ಕಂಡು ಓಗೋದು ಯಾವ್ ಸೀಮೆ ಆಟ?' ಎಂದು ಎದ್ದೇ ಹೋದ. ಫೋನಿನಲ್ಲಿ ವಿಡಿಯೋ ತೋರಿಸಿದರೆ ಕನ್ನಡಕ ಇಲ್ಲ ಅನ್ನುತ್ತಿದ್ದ. ಕನ್ನಡಕ ತಂದುಕೊಟ್ಟರೆ, ನೀರು ಕಂಡ ಕೂಡಲೇ ಫೋನು ವಾಪಸ್ಸು ಕೊಡುತ್ತಿದ್ದ.

ಹೊರಗಿನವರ ಕಥೆ ಇನ್ನೊಂದು. ಏಷ್ಯಾ ಮಟ್ಟದ ಸ್ಪರ್ಧೆಗೆ ಆಯ್ಕೆ ನಡೆದಾಗ ಒಂಟಿ ದೋಣಿಯಲ್ಲಿ ನಾನೇ ಮೊದಲು ಬಂದೆ. ಆಮೇಲೆ ದೊಡ್ಡವರೆಲ್ಲ ಕೂತು, ಈ ಸಲ ಒಂಟಿ ದೋಣಿಗೆ ಯಾರನ್ನೂ ಕಳಿಸುವುದಿಲ್ಲ, ಜೋಡಿ ದೋಣಿ ಮಾತ್ರ ಎಂದು ತೀರ್ಮಾನ ಮಾಡಿದರು. ಜೋಡಿ ದೋಣಿಗೆ ನನ್ನನ್ನು ಮೀಸಲಿಗೆ ಇಟ್ಟುಕೊಂಡರು. ಪರದೇಶಕ್ಕೆ ಹೋಗಿ, ಬ್ಲೇಜರ್ ಹಾಕಿಕೊಂಡು, ದಡದ ಮೇಲೆ ಕೂತು ಬೇರೆಯವರ ನೀರಿನ ಬಾಟಲಿ ಕಾದೆ. ಮೈಯೆಲ್ಲ ಉರಿಯುತ್ತಿತ್ತು. ಬಂದ ಮೇಲೆ ಕ್ರೀಡಾ ಕೋಟಾದಲ್ಲಿ ಹಾಸನದ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನಾನು 'ದೋಣಿ ಮೇಡಂ'. ಬೀರು ಜರುಗಿಸಬೇಕಾದಾಗ, ನೀರಿನ ಕ್ಯಾನು ಎತ್ತಿ ಇಡಬೇಕಾದಾಗ ಮಾತ್ರ ನಾನು ಚಾಂಪಿಯನ್ ಅನ್ನುವುದು ಎಲ್ಲರಿಗೂ ಸರಿಯಾಗಿ ನೆನಪಾಗುತ್ತಿತ್ತು.

ಇದನ್ನೆಲ್ಲ ಹೇಗೋ ನುಂಗಿಕೊಂಡೆ. ಬೆನ್ನು ಮಾತ್ರ ನುಂಗಿಕೊಳ್ಳಲು ಬಿಡಲಿಲ್ಲ. ಸೊಂಟದ ಹತ್ತಿರ ಮೂಳೆಗಳ ನಡುವಿನ ಮೆತ್ತೆ ಸವೆದಿದೆ, ಇನ್ನು ಎಳೆದರೆ ಕಾಲು ಹೋದೀತು ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಹೋದ ವರ್ಷದ ಮಾತು ಇದು. ಕೋಚ್ ಕೂಡ, ಈ ಸೀಸನ್ ಮುಗಿಸಿ ದೋಣಿ ಚಿಕ್ಕ ಹುಡುಗಿಯರಿಗೆ ಬಿಟ್ಟುಕೊಡು ಅಂದರು. ಪದಕ, ಹೆಸರು, ಯಾವುದೂ ಅಲ್ಲ, ಆಗ ನನ್ನ ತಲೆಗೆ ಬಂದದ್ದು ಒಂದೇ. ನಾನು ನಿಲ್ಲಿಸುವುದರೊಳಗೆ ಅಪ್ಪ ಒಂದು ಸಲ ನೋಡಬೇಕು. ಒಂದೇ ಸಲ.

ಅಷ್ಟರಲ್ಲಿ ಅರಕಲಗೂಡಿನ ಅದೇ ಸಂಘದ ಕಾರ್ಯದರ್ಶಿ ಫೋನು ಮಾಡಿದರು. 'ಮೇಡಂ, ಅವತ್ತು ಫ್ಲೆಕ್ಸಲ್ಲಿ ಸ್ವಲ್ಪ ಮಿಸ್ಟೇಕ್ ಆಯ್ತು, ಬೇಜಾರ್ ಮಾಡ್ಕೋಬೇಡಿ. ಈ ಸಲ ನೀರಲ್ಲೇ ಕಾರ್ಯಕ್ರಮ ಇಟ್ಕೊಳ್ಳಾಣ. ಶೆಟ್ಟಿಹಳ್ಳೀಲಿ. ನೀವು ದೋಣಿ ಬಿಟ್ಟು ತೋರ್ಸಿ, ಜನಕ್ಕೂ ಗೊತ್ತಾಗ್ಲಿ.' ನಾನು ಕೋಚ್‌ನ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿಕೊಂಡು, ಯಾವಾಗಲೂ ನಡೆಸುತ್ತಿದ್ದ ದೋಣಿಯನ್ನೇ ಬೆಂಗಳೂರಿನಿಂದ ತರಲು ಒಪ್ಪಿಸಿದೆ. ಅಪ್ಪನಿಗೆ ಹೇಳಿದಾಗ ಇಲ್ಲ ಅನ್ನುತ್ತಾನೆ ಅಂದುಕೊಂಡೇ ಹೇಳಿದೆ. ಅವನು, 'ಯಾವ್ ತಾವ? ಚರ್ಚಿನ್ ತಾವಾನಾ?' ಎಂದು ಕೇಳಿ ಎದ್ದು ತೋಟದ ಕಡೆ ಹೋದ. ಮಾರನೇ ದಿನ ಮುದ್ದೆ ಮುರಿಯುತ್ತಾ, 'ಬತ್ತೀನಿ ಬುಡು' ಅಂದ. ಅವ್ವ ತುತ್ತು ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದಳು. ನನಗೆ ಆದ ಖುಷಿ ಹೇಳತೀರದು.

ಆಯುಧಪೂಜೆ ಕಳೆದು ಒಂದು ವಾರವೂ ಆಗಿರಲಿಲ್ಲ. ಆ ಬೆಳಗ್ಗೆ ಹಿನ್ನೀರು ಅಲುಗದೆ ನಿಂತಿತ್ತು. ಚರ್ಚಿನ ಗೋಡೆಗಳು ಅರ್ಧ ನೀರೊಳಗೆ. ಇಂಥ ನೀರು ಸಿಗುವುದು ಬೆಳಗಿನ ಹೊತ್ತು ಮಾತ್ರ. ಬಿಸಿಲೇರಿದರೆ ಗಾಳಿ ಎದ್ದು ಅಲೆ ಬರುತ್ತದೆ, ನನ್ನ ದೋಣಿ ಅಲೆಯಲ್ಲಿ ನಿಲ್ಲುವುದಿಲ್ಲ. ಇದನ್ನು ಕಾರ್ಯದರ್ಶಿಗೆ ವಾರದಿಂದ ಬಡಿದುಕೊಂಡಿದ್ದೆ. 'ಏಳಕ್ಕೆ ಶಾರ್ಪ್ ಮೇಡಂ' ಅಂದಿದ್ದರು. ಏಳಕ್ಕೆ ಅಲ್ಲಿ ನಾನು, ಕೋಚ್, ಅಪ್ಪ, ಅವ್ವ, ಶಾಮಿಯಾನ ಕಟ್ಟುವವರು. ಅಪ್ಪ ನೀರಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತಿದ್ದ. ಬಗಲಲ್ಲಿ ಒಂದು ಬಟ್ಟೆಯ ಚೀಲ.

ಜನ ಒಂಬತ್ತಕ್ಕೆ ಬಂದರು, ಮುಖ್ಯ ಅತಿಥಿಗಳು ಅದಕ್ಕೂ ಆಮೇಲೆ. ಬಂದವರು ಮೈಕು ಹಿಡಿದರು. ವರ್ಷಗಳಿಂದ ಕಟ್ಟುತ್ತಲೇ ಇರುವ ಬೂವನಹಳ್ಳಿ ವಿಮಾನ ನಿಲ್ದಾಣದಿಂದ ಶುರುಮಾಡಿ, ರಸ್ತೆ ಅಗಲ, ಆಲೂಗಡ್ಡೆ ರೇಟು, ಶುಂಠಿ ರೇಟು ಎಲ್ಲ ಮುಗಿಸಿ ನನ್ನ ಕಡೆ ಬರುವಾಗ ನೀರಿನ ಮೇಲೆ ಗಾಳಿ ಸಣ್ಣಗೆ ಗೀರು ಹಾಕುತ್ತಿತ್ತು. ನಾನು ಕಾರ್ಯದರ್ಶಿಯ ತೋಳು ಹಿಡಿದು ಎಳೆದೆ: 'ಸಾರ್, ಇನ್ನು ಹತ್ತು ನಿಮಿಷ ಅಷ್ಟೇ, ಆಮೇಲೆ ದೇವರಾಣೆ ಆಗಲ್ಲ.' ಅವರು, 'ಆಯ್ತು ಆಯ್ತು, ಪೂಜೆ ಒಂದು ಮುಗಿಸಿಬಿಡಾಣ ಮೇಡಂ. ಹೊಸ ಜಾಗ, ಸುಮ್ನೆ ಹಂಗೇ ನೀರಿಗಿಳಿಯೋದು ಬೇಡ' ಅಂದರು.

ಮರದ ಸ್ಟ್ಯಾಂಡುಗಳ ಮೇಲೆ ಮಲಗಿದ್ದ ನನ್ನ ದೋಣಿಗೆ ಅರಿಶಿನ ಕುಂಕುಮ ಹಚ್ಚಿದರು. ಸೇವಂತಿಗೆ ಹಾರ ಹಾಕಿದರು. ಒಬ್ಬರು ನಿಂಬೆಹಣ್ಣು ಹಿಡಿದುಕೊಂಡು ದೋಣಿಯನ್ನು ಎರಡು ಸುತ್ತು ಬಂದು, 'ಇದ್ಕೆ ಗಾಲಿ ಎಲ್ಲೈತೆ ಮೇಡಂ? ನಿಂಬೆಹಣ್ಣು ಎಲ್ಲಿ ಮಡಗೋದು?' ಎಂದು ಕೇಳಿದರು. ನಗುವುದೋ ಅಳುವುದೋ ತಿಳಿಯದೆ ನಾನು ಹುಟ್ಟುಗಳನ್ನು ತರಲು ವ್ಯಾನಿನ ಹತ್ತಿರ ಹೋದೆ. ಹಿಂದಿನಿಂದ ಕಾರ್ಯದರ್ಶಿಯ ದನಿ ಕೇಳಿಸಿತು: 'ಕಾಯಿ ಅವರ ತಂದೆಯವರೇ ಒಡೀಲಿ. ತೆಂಗಿನ ತೋಟದ ಯಜಮಾನರು!'

ತಿರುಗಿ ನೋಡಿದೆ. ಅಪ್ಪ ಚೀಲದಿಂದ ತನ್ನದೇ ತೋಟದ ಕಾಯಿ ತೆಗೆದಿದ್ದ. ನಮ್ಮಪ್ಪ ಕಾಯಿ ಒಡೆದರೆ ಒಂದೇ ಏಟು, ಎರಡನೆಯದು ಎಂದೂ ಬೇಕಾಗಿಲ್ಲ. ಅದು ಅವನ ಹೆಮ್ಮೆ. ಕಲ್ಲಿಗಾಗಿ ಅತ್ತಿತ್ತ ನೋಡಿದ. ಎಲ್ಲಿ ನೋಡಿದರೂ ಹಸಿ ಕೆಸರು. ಆಮೇಲೆ ದೋಣಿಯ ಮೂತಿಯ ಕಡೆ ನೋಡಿದ. ನನಗೆ ಅರ್ಥವಾಗಿಹೋಯಿತು.

'ಅಪ್ಪಾ! ಬ್ಯಾಡಾ!' ಎಂದು ಕಿರುಚಿಕೊಂಡು ಓಡಿದೆ. ಕಾಯಿ ಠಪ್ಪೆಂದು ಸಮನಾಗಿ ಎರಡು ಹೋಳಾಯಿತು. ಅದರ ಹಿಂದೆಯೇ ಚರಕ್ ಎಂದು ಇನ್ನೊಂದು ಸದ್ದು. ದೋಣಿಯ ಮೂತಿಯಿಂದ ಮೊಳದುದ್ದ ಬಿರುಕು ಓಡಿತ್ತು, ಕಾಯಿನೀರು ಅದರೊಳಗೆ ಇಳಿಯುತ್ತಿತ್ತು. ಜನ ಜೋರಾಗಿ ಚಪ್ಪಾಳೆ ತಟ್ಟಿದರು. 'ಕಾಯಿ ಸಮ ಒಡೀತು, ಒಳ್ಳೇದಾಯ್ತದೆ ಬುಡಿ' ಎಂದು ಯಾರೋ ಅಂದರು.

ನನ್ನ ಬಾಯಿಗೆ ಏನು ಬಂತೋ ಅದನ್ನೆಲ್ಲ ಅಂದೆ. ಅಷ್ಟು ಜನರ ಎದುರಿಗೆ. 'ಹದಿನೈದು ವರ್ಷ ಕರೆದೆ, ಬರಲಿಲ್ಲ. ಬಂದಿದ್ದು ಇದನ್ನ ಒಡೆಯೋಕಾ? ನಿನ್ನ ಊರು ಮುಳುಗಿಸಿದ್ದು ನಾನಾ? ನಾನೇನು ಮಾಡಿದ್ದೆ ನಿಂಗೆ?' ಅಪ್ಪ ಕೈಯಲ್ಲಿ ಎರಡು ಹೋಳು ಹಿಡಿದು ನಿಂತಿದ್ದ. 'ದೋಣಿ ಅಂದ್ರೆ ಗಟ್ಟಿ ಇರ್ಬೇಕಲ್ವಾ? ಇಂಗೆ ಮೊಟ್ಟೆ ಸಿಪ್ಪೆ ಅಂತ ನಂಗೇನ್ ಗೊತ್ತು?' ಅಂದ. ಮುಖ್ಯ ಅತಿಥಿಗಳು, 'ಇರಲಿ ಬಿಡಮ್ಮಾ, ದೋಣಿ ಪಕ್ಕ ನಿಂತ್ಕೋ, ಒಂದು ಫೋಟೋ ತೆಗೀಲಿ' ಅಂದರು. ತೆಗೆದರು ಕೂಡ. ಆ ಫೋಟೋದಲ್ಲಿ ನಾನು ಯಾರನ್ನೋ ಹೊಡೆಯಲು ಹೊರಟವಳ ಹಾಗಿದ್ದೇನೆ. ಆಮೇಲೆ ಉಪ್ಪಿಟ್ಟು, ಕೇಸರಿಬಾತು. ತಿಂದರು, ಕೈ ತೊಳೆದರು, ಹೋದರು.

ಕೋಚ್ ಬಿರುಕಿಗೆ ಟೇಪು ಸುತ್ತುತ್ತಾ, ಬೆಂಗಳೂರಿಗೆ ಹೋದ ಮೇಲೆ ಸರಿಮಾಡಿಸಬಹುದು ಅಂದರು. ಸರಿಯಾಗುತ್ತದೆ, ಗೊತ್ತು. ಆದರೆ ಅವತ್ತು ಆಗುವುದಿಲ್ಲವಲ್ಲ. ಸೀಸನ್ ಮುಗಿದಿತ್ತು, ಮುಂದಿನ ವಾರದಿಂದ ಅದು ಚಿಕ್ಕ ಹುಡುಗಿಯರದು, ನನ್ನ ದೋಣಿಯೂ ಅಲ್ಲ. ಅವ್ವ, 'ಅವ್ನ ಕರ್ಕಂಡು ಬಾರವ್ವಾ, ಬಸ್ಸು ಓಯ್ತದೆ' ಎಂದು ನನ್ನನ್ನು ಕಳಿಸಿದಳು.

ಅಪ್ಪ ನೀರಿನ ಅಂಚಿನಲ್ಲಿ ನಿಂತಿದ್ದ. ಈಗ ಮುಖ ನೀರಿನ ಕಡೆಗೇ ಇತ್ತು. ನಾನು ಪಕ್ಕಕ್ಕೆ ಹೋಗಿ ನಿಂತೆ. ಅವನೇ ಚೀಲ ತೆರೆದು ತೋರಿಸಿದ. ಒಳಗೆ ಇನ್ನೊಂದು ಕಾಯಿ ಇತ್ತು. 'ಒಂದು ನಿನ್ ದೋಣಿಗೆ ಅಂತ ತಂದಿದ್ದೆ. ಇದು ನಮ್ಮಟ್ಟಿ ಒಸ್ಲಿಗೆ. ನೀನು ದೋಣೀಲಿ ಓಯ್ತೀಯಲ್ಲ, ಅಲ್ಲಿ ಬುಟ್ಟು ಬಾ ಅನ್ನಾನ ಅಂತಿದ್ದೆ. ಈಗ ಎಲ್ಲಿ ಆಯ್ತದೆ' ಅಂದ.

ನನ್ನನ್ನು ನೋಡಲು ಬಂದದ್ದಲ್ಲ ಹಾಗಾದರೆ. ಮುಳುಗಿದ ಮನೆಯ ಹೊಸ್ತಿಲಿಗೆ ನನ್ನ ಕೈಯಿಂದ ಕಾಯಿ ಕಳಿಸಲು ಬಂದದ್ದು. ಆರಿದ್ದ ಸಿಟ್ಟು ಮತ್ತೆ ನೆತ್ತಿಗೇರಿತು. ಅಲ್ಲೇ ದಡಕ್ಕೆ ಮೀನು ಹಿಡಿಯುವವರ ತಗಡಿನ ದೋಣಿಯೊಂದನ್ನು ಕಟ್ಟಿದ್ದರು. ದಪ್ಪ ಹುಟ್ಟುಗಳು, ಗೂಟಕ್ಕೆ ಹಗ್ಗದಲ್ಲಿ ಬಿಗಿದವು. ಬಲೆ ಬಿಡಿಸುತ್ತಿದ್ದವರನ್ನು ಕೇಳಿದೆ, ಹೂಂ ಅಂದರು. 'ಹತ್ತು' ಅಂದೆ ಅಪ್ಪನಿಗೆ. 'ನಾನಾ? ನಾನ್ಯಾಕೆ?' 'ನಿನ್ನ ಮನೆ ಎಲ್ಲಿತ್ತು ಅಂತ ನಂಗೇನು ಗೊತ್ತು? ಹತ್ತಪ್ಪಾ.' ಅವನು ಎರಡು ಹೆಜ್ಜೆ ಹಿಂದೆ ಸರಿದ. ರಟ್ಟೆ ಹಿಡಿದು ಹತ್ತಿಸಿ ಹಿಂದಿನ ಹಲಗೆಯ ಮೇಲೆ ಕೂರಿಸಿದೆ. ನಾನು ಹುಟ್ಟು ಹಿಡಿದು ಕೂತರೆ ನಮ್ಮಿಬ್ಬರ ಮೊಣಕಾಲು ತಗಲುವಷ್ಟು ಹತ್ತಿರ, ಎದುರುಬದುರು. ನನಗೆ ಕಾಣುವುದು ಅವನ ಮುಖ, ಅವನಿಗೆ ಕಾಣುವುದು ದಾರಿ.

'ನಂಗೆ ಮುಂದೆ ಕಾಣಲ್ಲ, ನೀನೇ ಹೇಳಬೇಕು' ಅಂದೆ. ಕಣ್ಣು ಕಟ್ಟಿ ಬಿಟ್ಟರೂ ಮನೆ ಹುಡುಕುತ್ತೇನೆ ಎಂದು ಜೀವಮಾನವೆಲ್ಲ ಹೇಳಿದವನು ಅವನು. 'ಎಡಕ್ಕೆ' ಅಂದ, ಎಳೆದೆ. 'ಬಲಕ್ಕೆ' ಅಂದ, ಎಳೆದೆ. ಅಲೆ ತಗಡಿಗೆ ಬಡಿಯುತ್ತಿತ್ತು. 'ಚರ್ಚು ಇಂಗಿರ್ನಿಲ್ಲ, ಇನ್ನೂ ಎತ್ತರ ಇತ್ತು' ಎಂದು ಅದರ ಮೇಲೂ ಸಿಟ್ಟು ಮಾಡಿಕೊಂಡ. ಆ ದಿಣ್ಣೆ ಇಲ್ಲಿರಬಾರದು, ಆಲದ ಮರ ಕಾಣಬೇಕಿತ್ತು ಅಂದ. ಸುತ್ತಿದ ಕಡೆಯೇ ಸುತ್ತಿದೆವು. ನನ್ನ ಸೊಂಟದಲ್ಲಿ ನೋವು ಛಳಕು ಹೊಡೆಯಲು ಶುರುವಾಗಿತ್ತು. ಕೊನೆಗೆ ಅಪ್ಪ ಸುತ್ತ ಒಂದೇ ಸಮನಾಗಿದ್ದ ನೀರನ್ನು ನೋಡಿ, 'ಇಲ್ಲೇ ಅನ್ಕೋ' ಅಂದ. ಕಾಯಿಯನ್ನು ಎರಡು ಕೈಯಲ್ಲೂ ಹಿಡಿದು, ಬಗ್ಗಿ ನೀರಿನ ಮೇಲಿಟ್ಟ. ಅದು ಮುಳುಗಲಿಲ್ಲ. ಅಲೆಯ ಜೊತೆ ತೇಲಿಕೊಂಡು ಹೋಯಿತು. ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡ. ನಾನು ಆ ಕಡೆ ನೋಡಲಿಲ್ಲ.

ವಾಪಸ್ಸು ತಿರುಗಿಸಿದೆ. ದಡದಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ನೋಡುವವರು ಯಾರೂ ಇರಲಿಲ್ಲ. ನನ್ನ ಎದೆಯಲ್ಲಿ ಅಷ್ಟು ವರ್ಷದ್ದೆಲ್ಲ ಸೇರಿ ಕುದಿಯುತ್ತಿತ್ತು. ಕಾಲನ್ನು ಅಡ್ಡಪಟ್ಟಿಗೆ ಒತ್ತಿ ಕೊಟ್ಟು, ಬೆನ್ನು ಹೋದರೆ ಹೋಗಲಿ ಎಂದು ಎಳೆದೆ. ಮತ್ತೆ ಎಳೆದೆ. ಆ ಭಾರದ ತಗಡು ಮೂತಿ ಎತ್ತಿಕೊಂಡು ಅಲೆಯನ್ನು ಸೀಳಿತು. ಹಗ್ಗಗಳು ಕಿರ್ರೆಂದವು, ನೀರು ಎರಡೂ ಕಡೆ ಎದ್ದಿತು. ಅಪ್ಪ ಎರಡು ಕೈಯಲ್ಲೂ ಅಂಚು ಹಿಡಿದುಕೊಂಡ. ಅವನ ಕಣ್ಣು ಮೊದಲು ನನ್ನ ಕೈಯ ಮೇಲೆ, ಆಮೇಲೆ ಭುಜದ ಮೇಲೆ, ಆಮೇಲೆ ಮುಖದ ಮೇಲೆ ನಿಂತಿತು. ಬಾಯಿ ಅರ್ಧ ತೆರೆದಿತ್ತು. ಬೇರೆ ಎಲ್ಲಿಗೂ ನೋಡುವ ಹಾಗೇ ಇರಲಿಲ್ಲ, ಎದುರಿಗೆ ನಾನೊಬ್ಬಳೇ ಇದ್ದೆ.

'ಇದೇನವ್ವಾ ನೀನ್ ಮಾಡೋದು?' ಅಂದ. 'ಇದಾ? ಇಷ್ಟ್ ವರ್ಸದಿಂದ ಇದ್ನಾ ಮಾಡ್ತಿದ್ದುದ್ದು ನೀನು? ಅಲ್ಲಾ ಮಗಾ, ಮೊದ್ಲೇ ಯೋಳ್ಬಾರ್ದಾ?'

ಮೊದಲೇ ಹೇಳಬಾರದಾ ಅಂತೆ! ನನ್ನ ಮೈಯೆಲ್ಲ ಹತ್ತಿ ಉರಿಯಿತು. ದಡ ಎಷ್ಟು ದೂರ ಇದೆ ಎಂದು ಕೂಡ ಕೇಳದೆ ಇನ್ನೂ ಜೋರಾಗಿ ಎಳೆದೆ.